ತಟ್ಟಿ ನೋಡುತ್ತಿದ್ದ ಮೇಡಂ

ನನಗೆ ಮೊದಲ ಕೆಲಸ ಕೊಟ್ಟ ಮೇಡಂ ಧಾರವಾಡದಲ್ಲಿ ತೀರಿಕೊಂಡರು ಎಂದು ಹೋದ ತಿಂಗಳು, ಆಗ ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸೆಲ್ವಂ ಫೋನು ಮಾಡಿದ್ದ. ವಿಷಯ ಹೇಳಿದವನೇ, "ಔಟ್‌ಹೌಸು ನೆನಪಿದೆಯಾಮ್ಮಾ?" ಅಂದ. ನೆನಪಿಲ್ಲದೆ ಏನು! ನಾವು ಮೂವರು ಉಸಿರು ಬಿಗಿಹಿಡಿದು ಕೂರುತ್ತಿದ್ದ ಕೋಣೆ ಅದು. ನನ್ನ ಹೊಟ್ಟೆಪಾಡಿನ ವಿದ್ಯೆಯೆಲ್ಲ ಅಲ್ಲೇ ಕಲಿತದ್ದು.

ಈಗಿನವರು ಸ್ಟಾರ್ಟಪ್ ಅನ್ನುತ್ತಾರಲ್ಲ, ಆ ಪದ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಜಿಎಫ್ ಚಿನ್ನದ ಗಣಿಯ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಸಿಗುವ ಒಂದು ಹಳೇ ಗಣಿ ಬಂಗಲೆ, ಅದರ ಹಿಂದೆ ಹಂಚಿನ ಔಟ್‌ಹೌಸು. ಅಲ್ಲಿ ಒಂದು ಕಂಪ್ಯೂಟರು, ಕಿರುಚಿಕೊಂಡೇ ಕೆಲಸ ಮಾಡುವ ಒಂದು ಪ್ರಿಂಟರು, ಮೇಡಂ, ಪಕ್ಕದ ಕೋರಮಂಡಲ್ ಬಡಾವಣೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸೆಲ್ವಂ, ಬಂಗಾರಪೇಟೆ ಕಡೆಯ ಹಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ನಾನು. ಇಷ್ಟೇ ಕಂಪನಿ. ಸುತ್ತಲಿನವರು ಇದನ್ನು ಟೈಪಿಂಗ್ ಕ್ಲಾಸು ಅಂದುಕೊಂಡಿದ್ದರು. ಮಗಳನ್ನು ಕರೆತಂದು, ಶಾರ್ಟ್‌ಹ್ಯಾಂಡೂ ಹೇಳಿಕೊಡ್ತೀರಾ ಎಂದು ಕೇಳಿದವರೂ ಉಂಟು.

ಮೇಡಂ ಅಲ್ಲಿಯ ದೊಡ್ಡ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಗಂಡನೂ ಅದೇ ಕಾರ್ಖಾನೆ. ಕ್ವಾರ್ಟರ್ಸು, ಬಸ್ಸು, ಕ್ಯಾಂಟೀನು, ರಿಟೈರ್ ಆಗುವವರೆಗೆ ಯಾರೂ ಅಲ್ಲಾಡಿಸಲಾಗದ ಕೆಲಸ. ಅದನ್ನು ಬಿಟ್ಟು ಬಂದು ಈ ಹಂಚಿನ ಮಾಡಿನ ಕೆಳಗೆ ಕೂತಿದ್ದರು. ಕ್ವಾರ್ಟರ್ಸಿನ ಹೆಂಗಸರು ಇವರಿಗೆ ತಲೆ ಕೆಟ್ಟಿದೆ ಎಂದು ಬಾಯಿಬಿಟ್ಟೇ ಹೇಳುತ್ತಿದ್ದರಂತೆ. "ಅಂದ್ರ ಅನ್ನವಲ್ರ್ಯಾಕ. ಅಲ್ಲಿ ಮಂದಿ ಹೇಳಿದ್ದನ್ನ ಛಾಪಿಸ್ತಿದ್ದೆ. ಇಲ್ಲಿ ನಾನ ಬರೀತೇನಿ," ಅನ್ನುತ್ತಿದ್ದರು. ಬಿಗಿಯಾಗಿ ಹೆಣೆದ ಜಡೆ, ದಪ್ಪ ಗಾಜಿನ ಕನ್ನಡಕ, ಡಬ್ಬಿಯಲ್ಲಿ ದಿನವೂ ಚಪಾತಿ, ಶೇಂಗಾ ಚಟ್ನಿ. ಬೈಯುವ ಮುಂಚೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಕೈ ಕನ್ನಡಕಕ್ಕೆ ಹೋಯಿತು ಅಂದರೆ ನಾವಿಬ್ಬರೂ ತಲೆ ತಗ್ಗಿಸುತ್ತಿದ್ದೆವು.

ಬೆಂಗಳೂರು ಬಿಟ್ಟು ಉರಿಗಾಮಿನಲ್ಲಿ ಯಾಕೆ ಕಂಪನಿ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಮೇಡಂ ಮೇಲಿನ ಬಲ್ಬು ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿದ್ದ ಕಾಲ. ಗಣಿಯ ಲೈನಿಗೆ ಆ ಕಾಟ ಇರಲಿಲ್ಲ. ಕೆಳಗೆ ಮನುಷ್ಯರಿದ್ದಾರೆ, ನೀರೆತ್ತುವ ಪಂಪುಗಳಿವೆ, ಅಲ್ಲಿಗೆ ಕರೆಂಟು ತಪ್ಪಿಸುವಂತಿಲ್ಲ. ನಮ್ಮ ಔಟ್‌ಹೌಸಿಗೂ ಅದೇ ಲೈನು. ಆದರೆ ಆ ಭಾಗ್ಯದ ಜೊತೆಗೇ ಇನ್ನೊಂದು ಬಂದಿತ್ತು. ನೆಲದ ಅಡಿಯಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತವೆ. ಕೆಜಿಎಫ್‌ನವರಿಗೆ ಅದು ಹುಟ್ಟಿನಿಂದ ಅಭ್ಯಾಸ. ಬೀರುವಿನ ಪಾತ್ರೆ ಗಲಗಲ ಅಂದರೆ ತಿರುಗಿ ಕೂಡ ನೋಡುವುದಿಲ್ಲ. ಆದರೆ ಆ ಕಾಲದ ಕಂಪ್ಯೂಟರಿನ ಡಿಸ್ಕಿಗೆ ಅಭ್ಯಾಸವಿರಲಿಲ್ಲ. ಓಡುತ್ತಿರುವಾಗ ಜೋರಾಗಿ ಕುಲುಕಿದರೆ ಒಳಗಿನ ಮುಳ್ಳು ತಟ್ಟೆಗೆ ತಗುಲಿ, ತಿಂಗಳ ಕೆಲಸವೆಲ್ಲ ಕ್ಷಣದಲ್ಲಿ ಮಣ್ಣು ಪಾಲು. ಅದಕ್ಕೆ ಮೇಡಂ ಸೈಕಲ್ ಟ್ಯೂಬುಗಳಿಗೆ ಗಾಳಿ ಹೊಡೆಸಿ, ಅವುಗಳ ಮೇಲೆ ಹಲಗೆ ಇಟ್ಟು, ಕಂಪ್ಯೂಟರನ್ನು ಅದರ ಮೇಲೆ ಕೂರಿಸಿದ್ದರು. ಟ್ಯೂಬಿಗೆ ಗಾಳಿ ಹೊಡೆಯುವುದು ಸೆಲ್ವಂ ಪಾಲಿನ ಕೆಲಸ. ಕುರ್ಚಿ ಬಿಟ್ಟು ಏಳುವಾಗಲೆಲ್ಲ ಮುಳ್ಳನ್ನು ಪಕ್ಕಕ್ಕೆ ಸರಿಸಿ ಡಿಸ್ಕನ್ನು ಮಲಗಿಸುವ ಆಜ್ಞೆ ಕೊಟ್ಟೇ ಏಳಬೇಕು. ನೀರು ಕುಡಿಯಲು ಎದ್ದರೂ ಅಷ್ಟೇ. ನೆಲ ಯಾವಾಗ ನಡುಗುತ್ತದೋ ಎಂಬ ದಿಗಿಲಿನಲ್ಲೇ ನಾವು ಪ್ರೋಗ್ರಾಂ ಬರೆದದ್ದು.

ಸಂದರ್ಶನಕ್ಕೆ ಹೋದ ದಿನ ಮೇಡಂ ನನ್ನ ಸರ್ಟಿಫಿಕೇಟುಗಳನ್ನು ಮಗುಚಿ ಹಾಕಿ, "ಬರೀಲಿಕ್ಕೆ ಬರತೈತಿ ಅಂತ ಗೊತ್ತಾತು. ತಟ್ಟಲಿಕ್ಕೆ ಬರತೈತೇನು?" ಎಂದು ಕೇಳಿದ್ದರು. ಧಾರವಾಡದ ಕಡೆಯವರು, ರೊಟ್ಟಿ ವಿಚಾರ ಇರಬೇಕು ಅಂದುಕೊಂಡೆ. ಕಂಪ್ಯೂಟರ್ ಕೆಲಸಕ್ಕೆ ಕರೆದು ಅಡುಗೆಗೆ ಇಟ್ಟುಕೊಳ್ಳುತ್ತಾರೇನೋ ಎಂಬ ಅನುಮಾನವೂ ಬಂತು. "ಬರತ್ತೆ ಮೇಡಂ. ರಾಗಿ ರೊಟ್ಟಿ ಆದ್ರೆ ಚೆನ್ನಾಗಿ ಬರತ್ತೆ," ಅಂದೆ. ಮೂಲೆಯಲ್ಲಿದ್ದ ಸೆಲ್ವಂ ನಕ್ಕು ನಕ್ಕು ಕೆಮ್ಮಿಕೊಂಡ. ಮೇಡಂ ನಗಲಿಲ್ಲ. ಕನ್ನಡಕಕ್ಕೆ ಕೈಹಾಕಿದವರು ಮನಸ್ಸು ಬದಲಿಸಿ ಅರ್ಥ ಬಿಡಿಸಿ ಹೇಳಿದರು.

ಆ ಮಾತು ಅವರು ಬಂಗಲೆಯ ಮಾಲೀಕರಿಂದ ಎತ್ತಿಕೊಂಡದ್ದು. ಆ ಮಾಲೀಕರು ಗಣಿಯ ಕೆಳಗೆ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಕೆಳಗೆ ಹೊಸ ಜಾಗಕ್ಕೆ ಜನ ಇಳಿಸುವ ಮುಂಚೆ ಒಬ್ಬ ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆಯನ್ನು ತಟ್ಟುತ್ತಾ ಹೋಗುತ್ತಾನಂತೆ. ಗಟ್ಟಿ ಬಂಡೆಯಾದರೆ ಟಣ್ ಅನ್ನುತ್ತದೆ. ಬಿರುಕು ಬಿಟ್ಟದ್ದಾದರೆ ಬೊದ್ ಅಂತ ಪೊಳ್ಳು ಸದ್ದು. ಕೊರೆದವನೇ ತಟ್ಟುವ ಹಾಗಿಲ್ಲ. ಮೇಡಂಗೆ ಇದು ಎಷ್ಟು ಹಿಡಿಸಿತೆಂದರೆ, ಪ್ರೋಗ್ರಾಮಿನ ತಪ್ಪನ್ನು ನಾವು ಬಗ್ ಅನ್ನುವಂತಿರಲಿಲ್ಲ, ಪೊಳ್ಳು ಅನ್ನಬೇಕಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಟ್ಟಿ ನೋಡದೆ ಒಂದು ಸಾಲೂ ಹೊರಗೆ ಹೋಗುವಂತಿರಲಿಲ್ಲ. "ತಾ ಬರದಿದ್ದು ತನಗ ಗಟ್ಟೀನ ಕೇಳಸ್ತೈತವಾ, ಇನ್ನೊಬ್ಬರ ಕೈಯಾಗ ಕೊಡು," ಅನ್ನುತ್ತಿದ್ದರು. ಆಮೇಲೆ ನಾನು ಎಷ್ಟೋ ಸಣ್ಣ ಕಂಪನಿಗಳಲ್ಲಿ ದುಡಿದೆ. ಕೆಲವು ನಿಂತವು, ಹೆಚ್ಚಿನವು ಮುಳುಗಿದವು. ಎಲ್ಲೇ ಇದ್ದರೂ, ಹೊಸ ಪ್ರೋಗ್ರಾಂ ಹೊರಗೆ ಬಿಡುವ ದಿನ ಈ ಹೆಂಗಸಿನ ಕನ್ನಡಕ ಕಣ್ಣ ಮುಂದೆ ಬರುತ್ತಿತ್ತು.

ಅವರು ಎಂಥವರು ಎಂದು ಹೇಳಬೇಕಾದರೆ ಒಂದು ಶುಕ್ರವಾರದಿಂದ ಸೋಮವಾರದವರೆಗಿನ ಸಂಗತಿ ಹೇಳಬೇಕು.

ಬಂಗಾರಪೇಟೆಯಲ್ಲಿ ನರ್ಸಿಂಗ್ ಹೋಂ ನಡೆಸುತ್ತಿದ್ದ ಡಾಕ್ಟರೊಬ್ಬರು ತಮ್ಮಲ್ಲಿಗೆ ಬರುವ ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕೆಂದು ಆಸೆಪಟ್ಟರು. ಅವರ ಕಷ್ಟ ಇಷ್ಟೇ: ರೋಗಿಗಳಿಗೆ ಕೊಟ್ಟ ಚೀಟಿ ವಾಪಸು ಬರುತ್ತಿರಲಿಲ್ಲ. ಅದರಲ್ಲಿ ಎಲೆಅಡಿಕೆ ಕಟ್ಟುತ್ತಿದ್ದರು, ಒಲೆಗೆ ಹಾಕುತ್ತಿದ್ದರು. ಹಾಗಾಗಿ ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದು ತಿಳಿಯದೆ ಡಾಕ್ಟರು ಪ್ರತಿ ಸಲ ಸೂಜಿ ಹಿಡಿದಾಗಲೂ ಹೆದರಬೇಕಿತ್ತು. ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಊರು, ಇಷ್ಟು ಹೇಳಿದರೆ ಹಳೆಯದೆಲ್ಲ ತೆರೆಯ ಮೇಲೆ ಬರಬೇಕು. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ. ಕನ್ನಡ ಮೂಡಿಸುವ ಮಷೀನು ನಮ್ಮ ಹತ್ತಿರ ಇರಲಿಲ್ಲ.

ನಮ್ಮ ಕಂಪನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಕಂಪ್ಯೂಟರು ಬೆಂಗಳೂರಿನಿಂದ ಬಾಡಿಗೆಗೆ ತಂದದ್ದು. ಈ ಕೆಲಸ ಕೈತಪ್ಪಿದರೆ ತಿಂಗಳ ಕೊನೆಗೆ ಅವರು ಅದನ್ನು ಎತ್ತಿಕೊಂಡು ಹೋಗುತ್ತಾರೆ, ಔಟ್‌ಹೌಸಿಗೆ ಬೀಗ ಬೀಳುತ್ತದೆ. ಇದು ಮೂವರಿಗೂ ಗೊತ್ತಿತ್ತು. ನನಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು. ಕೆಲಸ ಇದೆ ಎಂಬ ಒಂದೇ ನೆಪದಿಂದ ಅದು ಮುಂದಕ್ಕೆ ಹೋಗುತ್ತಿತ್ತು. ಮೇಡಂ ಅಂತೂ ಡಾಕ್ಟರರ ಕೆಲಸದ ಮುಖ್ಯ ಭಾಗವನ್ನು, ಹೆಸರು ಹುಡುಕುವ ಭಾಗವನ್ನು, ತಾವೇ ಬರೆದರು. ಬರೆದದ್ದನ್ನು ತಿದ್ದಿ ತಿದ್ದಿ, ನಮ್ಮ ಕೈಗೆ ಕೊಡುವಷ್ಟರಲ್ಲಿ ಗುರುವಾರ ಮಧ್ಯಾಹ್ನ. ಶುಕ್ರವಾರ ಬೆಳಿಗ್ಗೆ ಡಾಕ್ಟರು ನೋಡಲು ಬರುವವರು. ಸೋಮವಾರ ಅವರ ಕೌಂಟರಿನಲ್ಲಿ ಕೆಲಸ ಶುರುವಾಗಬೇಕು.

ಗುರುವಾರ ಸಂಜೆಯ ರೈಲಿನ ಹೊತ್ತಿನವರೆಗೂ ತಟ್ಟಿದೆ. ಲಕ್ಷ್ಮಮ್ಮ, ಸೆಲ್ವಿ, ನಾರಾಯಣಪ್ಪ, ಬಾಯಿಗೆ ಬಂದ ಹೆಸರೆಲ್ಲ ಹಾಕಿದೆ. ಟಣ್ ಅಂತಲೇ ಕೇಳಿಸಿತು. ಮೇಡಂ ಮುಖದಲ್ಲಿ ಅಪರೂಪದ ನಗು.

ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಕೊಟ್ಟಿಗೆಯಿಂದ ಅಪ್ಪ ಕೂಗಿದ, "ಮುನಿಯಮ್ಮಾ, ಬಕೀಟು ತತ್ತಾ!"

ಒಳಗಿನಿಂದ ಒಂದು ದನಿ, ಹಿತ್ತಲಿನಿಂದ ಒಂದು ದನಿ, ಎರಡೂ ಒಟ್ಟಿಗೆ ಬಂದವು: "ಯಾರ್ನ ಕರದಿದ್ದು?"

"ಯಾರೋ ಒಬ್ರು ಬನ್ರಮ್ಮೀ, ಹಸ ಒದೀತೈತೆ!"

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ನಮ್ಮ ಅಪ್ಪನಿಗೆ ಇಬ್ಬರು ಹೆಂಡಿರು. ಅಕ್ಕತಂಗಿಯರು. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲವೆಂದು ಅವಳೇ ಮುಂದೆ ನಿಂತು ತಂಗಿಯನ್ನು ತಂದುಕೊಂಡಳಂತೆ. ಆ ತಂಗಿ ನನ್ನ ಅಮ್ಮ. ಅವರ ತವರಿನ ಮನೆದೇವರು ಮುನೇಶ್ವರ, ಹಾಗಾಗಿ ಇಬ್ಬರಿಗೂ ಮುನಿಯಮ್ಮ ಎಂದೇ ಹೆಸರು. ನಮ್ಮ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಒಂದೇ ಹೆಸರು, ಒಬ್ಬನೇ ಗಂಡ, ಒಂದೇ ಊರು. ಮೇಡಂ ಬರೆದ ಪ್ರೋಗ್ರಾಮಿಗೆ ಇವರಿಬ್ಬರೂ ಒಬ್ಬಳೇ. ಅದಕ್ಕಿಂತ ಭಯವಾದದ್ದು ಬೇರೆ. ದೊಡ್ಡಮ್ಮನಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ. ಹಿಂದೊಮ್ಮೆ ಸೂಜಿ ಹಾಕಿಸಿಕೊಂಡು ಮುಖ ಊದಿ, ಉಸಿರು ಕಟ್ಟಿ, ಸಾಯುವ ಹಾಗೆ ಆಗಿದ್ದಳು. ಅಮ್ಮನಿಗೆ ಅದೇ ಸೂಜಿ ಏನೂ ಮಾಡುವುದಿಲ್ಲ.

ಊರಲ್ಲಿ ಫೋನಿರಲಿಲ್ಲ. ಬೆಳಗಾಗುವವರೆಗೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಲಗಿದೆ. ಇನ್ನೊಂದು ಸಂಕಟವೂ ಇತ್ತು. ಅಪ್ಪನಿಗೆ ಇಬ್ಬರು ಹೆಂಡಿರೆಂದು ಹೊರಗೆ ಯಾರಿಗೂ ನಾನು ಹೇಳಿರಲಿಲ್ಲ. ಕಾಲೇಜಿನಲ್ಲಿ ಒಮ್ಮೆ ಬಾಯಿಬಿಟ್ಟು, ಹುಡುಗಿಯರು ಮುಸಿಮುಸಿ ನಕ್ಕಿದ್ದು ಸಾಕಾಗಿತ್ತು.

ಮಾರನೆಯ ದಿನ ರೈಲು ತಡ. ನಾನು ಓಡುತ್ತಾ ಬಂಗಲೆಯ ಗೇಟಿಗೆ ಬರುವಷ್ಟರಲ್ಲಿ ಡಾಕ್ಟರರ ಕಾರು ಆಗಲೇ ನಿಂತಿತ್ತು. ಬಾಗಿಲ ಹತ್ತಿರ ಸೆಲ್ವಂಗೆ ಪಿಸುಮಾತಿನಲ್ಲಿ ಪೊಳ್ಳಿನ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು. "ಇವಾಗ ಬೇಡ ತಾಯೇ. ಡಾಕ್ಟರ್ ಹೋಗ್ಲಿ, ಆಮೇಲ್ ಹೇಳು. ಮಷೀನ್ ಹೋದ್ರೆ ಮೂರು ಜನಾನೂ ಮನೇಗ್ ಹೋಗ್ಬೇಕಾಗತ್ತಮ್ಮಾ," ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಒಳಗೆ ಮೇಡಂ ಹುರುಪಿನಲ್ಲಿದ್ದರು. ಹಸಿರು ಅಕ್ಷರಗಳು ತೆರೆಯ ಮೇಲೆ ಪಟಪಟ ಮೂಡುತ್ತಿದ್ದವು. ಡಾಕ್ಟರು ಮುಂದಕ್ಕೆ ಬಾಗಿ ಸಣ್ಣ ಹುಡುಗನ ಹಾಗೆ ನೋಡುತ್ತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ಮೇಡಂ, "ಬಾರವಾ. ಡಾಕ್ಟ್ರ, ಇಕಿ ನಿಮ್ಮ ಕಡೇಕಿನ. ನಿಮ್ಮ ಪೇಷಂಟ್ ಇದ್ದಂಗ. ನೀನ ಒಂದು ಹೆಸರು ಹೇಳವಾ, ಹಾಕೂಣು," ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಬೇರೆ ಯಾವ ಹೆಸರನ್ನಾದರೂ ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಲಕ್ಷ್ಮಮ್ಮ ಇದ್ದಳು. ಸೆಲ್ವಂ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದ. ನನ್ನ ಕಣ್ಣಿಗೆ ದೊಡ್ಡಮ್ಮನ ಊದಿದ ಮುಖ ಬಂತು.

"ಮುನಿಯಮ್ಮ," ಅಂದೆ. "ಗಂಡ ವೆಂಕಟೇಶಪ್ಪ." ಊರಿನ ಹೆಸರು ಹೇಳಿದೆ. "ಪೆನ್ಸಿಲಿನ್ ಆಗಲ್ಲ."

ಮೇಡಂ ಹಾಕಿದರು. ಟಣ್.

"ಇನ್ನೊಬ್ರು. ಮುನಿಯಮ್ಮ, ಗಂಡ ವೆಂಕಟೇಶಪ್ಪ, ಅದೇ ಊರು. ಪೆನ್ಸಿಲಿನ್ ಆಗತ್ತೆ."

"ಈಗಷ್ಟ ಹಾಕಿದ್ವಲ್ಲವಾ."

"ಇವ್ರು ಬೇರೆ, ಮೇಡಂ."

ಮೇಡಂ ಬೆರಳುಗಳು ಕೀಲಿಗಳ ಮೇಲೆ ನಿಂತವು. ಆಮೇಲೆ ನಿಧಾನವಾಗಿ ಹಾಕಿದರು. ತೆರೆಯ ಮೇಲೆ ಮೊದಲಿನ ಮುನಿಯಮ್ಮನೇ ಬಂದಳು. ಹೊಸದನ್ನು ಬರೆದರೆ ಹಳೆಯದು ಅಳಿಸಿಹೋಯಿತು. ಪೆನ್ಸಿಲಿನ್ ಆಗುವುದಿಲ್ಲ ಎಂದಿದ್ದ ಜಾಗದಲ್ಲಿ ಆಗುತ್ತದೆ ಎಂದಾಯಿತು.

ಡಾಕ್ಟರು ನಕ್ಕುಬಿಟ್ಟರು. "ಏನಮ್ಮಾ, ಇಲ್ಲದ್ದೆಲ್ಲಾ ಹುಟ್ಟಿಸಿಕೊಂಡು ಹೇಳ್ತೀಯ! ಹಾಗೆ ಎಲ್ಲಾ ಒಂದೇ ಇರೋ ಹೆಂಗಸರು ಎಲ್ಲಿದ್ದಾರೆ?"

"ನಮ್ಮನೇಲಿ ಅವ್ರೆ ಸಾರ್," ಅಂದೆ. ಗಟ್ಟಿಯಾಗಿಯೇ ಬಂತು, ನಮ್ಮೂರಿನ ಮಾತೇ ಬಂತು. "ಒಬ್ರು ನಮ್ಮಮ್ಮ. ಇನ್ನೊಬ್ರು ನಮ್ ದೊಡ್ಡಮ್ಮ. ನಮ್ಮಪ್ಪನ್ಗೆ ಇಬ್ರು ಎಂಡ್ರು."

ಡಾಕ್ಟರು ಇನ್ನಷ್ಟು ನಕ್ಕರು. ಒಳ್ಳೆಯ ಮನುಷ್ಯರೇ, ಕೆಟ್ಟ ನಗುವೇನಲ್ಲ ಅದು. "ಸರಿ ಬಿಡಿ ಮೇಡಂ, ಇಂಥಾದ್ದು ಸಾವಿರಕ್ಕೆ ಒಂದು. ಆಮೇಲೆ ನಿಧಾನವಾಗಿ ಸರಿಮಾಡೋರಂತೆ. ಸೋಮವಾರ ಇದನ್ನೇ ತಂದು ಇಟ್ಟುಬಿಡಿ, ನನಗೆ ಒಪ್ಪಿಗೆ."

ಕೆಲಸ ಸಿಕ್ಕಿಬಿಟ್ಟಿತ್ತು. ಸೆಲ್ವಂ ಬಿಟ್ಟ ಉಸಿರು ನನಗೆ ಕೇಳಿಸಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಸೂಜಿ ಯಾರಿಗೆ ಆಗಂಗಿಲ್ಲ?" ಎಂದು ನನ್ನನ್ನು ಕೇಳಿದರು.

"ದೊಡ್ಡಮ್ಮಂಗೆ."

"ಕೊಡಂಗಿಲ್ರೀ, ಡಾಕ್ಟ್ರ."

"ಏನು?"

"ಇದನ್ನ ನಾ ಕೊಡಂಗಿಲ್ಲ. ಇದು ಪೊಳ್ಳೈತಿ. ಬರದಾಕಿ ನಾನ."

ಡಾಕ್ಟರರ ನಗು ನಿಂತಿತು. ಕೊಳ್ಳುವವರೇ ಬೇಕು ಎಂದರೂ ಕೊಡುವುದಿಲ್ಲ ಅನ್ನುವ ವ್ಯಾಪಾರಸ್ಥರನ್ನು ಅವರು ನೋಡಿರಲಿಲ್ಲ. ಅವಮಾನವೇ ಆಯಿತು ಅಂತ ಕಾಣುತ್ತದೆ. ಎದ್ದು ನಿಂತು, "ಸೋಮವಾರ ಬೆಳಿಗ್ಗೆ ಮಷೀನು ನನ್ನ ಕೌಂಟರಲ್ಲಿ ಕೆಲಸ ಮಾಡಬೇಕು. ಇಲ್ಲದಿದ್ರೆ ಬೆಂಗಳೂರಿನ ಬೇರೆ ಕಂಪನಿಯವರಿಗೆ ಹೇಳಿಕಳಿಸ್ತೀನಿ, ಅವರು ಆಗಲೇ ಎರಡು ಸಲ ಬಂದು ಹೋಗಿದ್ದಾರೆ," ಎಂದು ಹೇಳಿ ಹೊರಟುಹೋದರು.

ಕಾರಿನ ಸದ್ದು ದೂರವಾಗುವುದನ್ನೇ ಮೇಡಂ ಕಾದರು. ಆಮೇಲೆ ಶುರುವಾಯಿತು. ದೊಡ್ಡ ಮನಸ್ಸಿನವರ ಹಾಗೆ ನನ್ನ ಬೆನ್ನು ತಟ್ಟಿದರು ಎಂದು ಬರೆಯಲು ನನಗೂ ಆಸೆ, ಆದರೆ ಅವರು ಅಂಥವರಲ್ಲ. ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಇಬ್ಬರು ಹೆಂಡ್ರು, ಒಂದ ಹೆಸರು! ಇದೆಂಥಾ ಸೀಮಿ ನಿಮ್ದು! ನಮ್ಮ ಕಡೆ ಮಂದೀಗೆ ಒಂದು ಮನಿತನದ ಅಡ್ಡಹೆಸರಾರ ಇರತೈತಿ!" ಎಂದು ಕೂಗಾಡಿದರು.

ನನಗೂ ರೇಗಿತು. ಆ ಬೆಳಿಗ್ಗೆ ಮನೆಯ ಮಾನವನ್ನೇ ಹರಾಜಿಗೆ ಹಾಕಿ ಬಂದವಳು ನಾನು. "ಅಡ್ಡೆಸ್ರು ಇದ್ದಿದ್ರೂ ಇಬ್ರಿಗೂ ಒಂದೇ ಇರ್ತಿತ್ತಲ್ಲ ಮೇಡಂ! ಒಬ್ಬನೇ ಗಂಡ ತಾನೆ!"

"ಖರೇ ಐತಿ," ಅಂದರು ಮೇಡಂ. ಕುರ್ಚಿಯಲ್ಲಿ ಕುಸಿದು ಕೂತರು. ಅಲ್ಲಿಂದ ಮೂವರೂ ದಾರಿ ಹುಡುಕತೊಡಗಿದೆವು. ವಯಸ್ಸು ಕೇಳೋಣವೆಂದರೆ, ನಮ್ಮ ಕಡೆ ಆ ವಯಸ್ಸಿನ ಹೆಂಗಸರಿಗೆ ತಮ್ಮ ವಯಸ್ಸು ಗೊತ್ತಿಲ್ಲ. ನಂಬರು ಕೊಡೋಣವೆಂದರೆ ಚೀಟಿಯ ಕಥೆಯೇ. ಮೈಮೇಲಿನ ಮಚ್ಚೆ ಬರೆದುಕೊಳ್ಳೋಣ ಅಂದರು ಮೇಡಂ. ಕೌಂಟರಿನಲ್ಲಿ ಹೆಂಗಸರನ್ನು ಮಚ್ಚೆ ಕೇಳಿದರೆ ಚಪ್ಪಲಿಯಲ್ಲಿ ಹೊಡೆಯುತ್ತಾರೆ ಅಂದ ಸೆಲ್ವಂ. ಶನಿವಾರ ಸಂಜೆಯಾದರೂ ದಾರಿ ಕಾಣಲಿಲ್ಲ. ಡಿಸ್ಕನ್ನು ಮಲಗಿಸಿ ಎದ್ದ ಮೇಡಂ, "ನಾಳೆ ನಿಮ್ಮ ಮನಿಗೆ ಬರ್ತೇನಿ. ಅವರಿಬ್ಬರನ್ನ ನಾ ನೋಡಬೇಕು," ಅಂದರು.

ಭಾನುವಾರ ಬಂಗಾರಪೇಟೆ ಸ್ಟೇಷನ್ನಿನಿಂದ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ಅವರೆಕಾಯಿ ಕಾಲ. ನಡುಮನೆಯಲ್ಲಿ ಕಾಯಿಯ ರಾಶಿ ಸುರಿದುಕೊಂಡು ಅಮ್ಮ, ದೊಡ್ಡಮ್ಮ ಸುಲಿಯುತ್ತಿದ್ದರು. ಮೇಡಂ ಚಾಪೆ ಹಾಸುವವರೆಗೆ ಕಾಯಲಿಲ್ಲ. ನೆಲದ ಮೇಲೆ ಕೂತು ತಾವೂ ಒಂದು ಹಿಡಿ ಕಾಯಿ ತೆಗೆದುಕೊಂಡರು. ಸುಲಿಯಲು ಬರುತ್ತಿರಲಿಲ್ಲ, ಕಾಳು ಎತ್ತಲೋ ಹಾರುತ್ತಿತ್ತು. ಅಮ್ಮ ನಕ್ಕಳು. ಹಾಗೆ ಮಾತು ಶುರುವಾಯಿತು.

"ಊರಾಗ ನಿಮ್ಮಿಬ್ಬರಿಗೆ ಏನಂತ ಕರೀತಾರ್ರೀ?"

"ಅಕ್ಕನ್ಗೆ ದೊಡ್ಡಮುನಿಯಮ್ಮ, ನನ್ಗೆ ಚಿಕ್ಕಮುನಿಯಮ್ಮ," ಅಂದಳು ಅಮ್ಮ.

"ಆಸ್ಪತ್ರ್ಯಾಗ ಹಂಗ ಹೇಳಬಹುದಲ್ಲ?"

ಅಮ್ಮ ದೊಡ್ಡಮ್ಮನ ಮುಖ ನೋಡಿದಳು. "ಅದೆಂಗಮ್ಮಾ ಏಳೋದು? ಚಿಕ್ಕೋಳು ಅಂದ್ರೆ ದೊಡ್ಡೋಳು ಎಲ್ಲವ್ಳೆ ಅಂತ ಕೇಳ್ತಾರೆ. ಆಮೇಲೆ ನಗ್ತಾರೆ."

"ನಾನೂ ಏಳಲ್ಲ," ಅಂದಳು ದೊಡ್ಡಮ್ಮ, ತಲೆ ಎತ್ತದೆ.

ಮೇಡಂ ಒಮ್ಮೆ ನನ್ನ ಕಡೆ ನೋಡಿದರು. ನಾನು ಕಾಳಿನ ಮೊರ ನೋಡುತ್ತಿದ್ದೆ. ನಮ್ಮ ಸೀಮೆಯಲ್ಲಿ ಹೆಂಗಸರನ್ನು ಇಂಥವರ ತಾಯಿ ಎಂದು ಕರೆಯುವುದು ಅವರಿಗೆ ಯಾವಾಗಲೋ ಕಿವಿಗೆ ಬಿದ್ದಿರಬೇಕು. ಮುಖ ಅರಳಿತು. ಉತ್ತರ ಸಿಕ್ಕೇಬಿಟ್ಟಿತು ಎಂಬ ಅವಸರದಲ್ಲಿ, ದೊಡ್ಡಮ್ಮನಿಗೇ ನೇರವಾಗಿ, "ಹಂಗಾದ್ರ ನೀವು ಯಾರ ತಾಯಿ ಅಂತ ಬರಕೋಳ್ರೀ ಅವ್ವಾ?" ಎಂದು ಕೇಳಿಬಿಟ್ಟರು.

ದೊಡ್ಡಮ್ಮನ ಕೈ ನಿಂತಿತು. ಆ ಮನೆಯಲ್ಲಿ ಯಾರೂ ಅವಳನ್ನು ಆ ಮಾತು ಕೇಳಿದ್ದಿಲ್ಲ. ಮೇಡಂಗೆ ತಕ್ಷಣ ಅರ್ಥವಾಯಿತು. ತುಟಿ ಕಚ್ಚಿಕೊಂಡರು, ಕನ್ನಡಕಕ್ಕೆ ಹೋದ ಕೈ ದಾರಿ ಮರೆತಂತೆ ಮಡಿಲಿಗೆ ಬಿತ್ತು. ನನಗೆ ಅವರ ಮೇಲೆ ಕೆಂಡದಂಥ ಕೋಪ ಬಂತು.

ಅಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. "ಅಕ್ಕನ್ಗೆ ಗೌರಿ ತಾಯಿ ಅಂತ ಬರ್ಕೊಳಮ್ಮಾ," ಅಂದಳು. "ನನ್ಗೆ ಸೀನ ಅಂತ ಬರ್ಕೊ."

ಸೀನ ನನ್ನ ತಮ್ಮ. ಗೌರಿ ನಾನು.

ಸ್ಟೇಷನ್ನಿಗೆ ವಾಪಸು ನಡೆಯುವಾಗ ಮೇಡಂ, "ಆ ಪ್ರಶ್ನಿ ಮಷೀನಿನಾಗ ಹಾಕಿಬಿಡ್ತಿದ್ನವಾ. ದಿನಾ ಎಷ್ಟು ಹೆಂಗಸರು ಕೌಂಟರ್ ಮುಂದ ಹಿಂಗ ಸುಮ್ಮ ನಿಲ್ತಿದ್ರೋ. ತಟ್ಟಲಾರದ ಕೇಳಿದೆ ನಾ," ಅಂದರು. ಅವರು ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಇಷ್ಟೇ. ರೈಲು ಬರುವ ಹೊತ್ತಿಗೆ ಪ್ರಶ್ನೆ ಬದಲಾಗಿತ್ತು. ಒಂದೇ ಹೆಸರಿನ ಇಬ್ಬರು ಎದುರಾದರೆ ಮಷೀನು ಯಾರ ತಾಯಿ ಎಂದು ಕೇಳುವುದಿಲ್ಲ. "ನಿಮ್ಮವರು ಯಾರು?" ಎಂದು ಕೇಳುತ್ತದೆ. ಮಕ್ಕಳಿರಲಿ ಇಲ್ಲದಿರಲಿ, ತನ್ನವರೆಂದು ಹೇಳಲು ಯಾರಾದರೂ ಒಬ್ಬರು ಇರುತ್ತಾರಲ್ಲ.

ಆ ರಾತ್ರಿಯೇ ಮೇಡಂ ಬರೆದು, ಸೆಲ್ವಂ ತಟ್ಟಿ ನೋಡಿ, ಸೋಮವಾರ ಬೆಳಿಗ್ಗೆ ಆಟೋದಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂಗಾರಪೇಟೆಗೆ ತಂದರು. ನರ್ಸಿಂಗ್ ಹೋಮಿನ ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದರು. ಡಾಕ್ಟರು ಕೈಕಟ್ಟಿ ನಿಂತಿದ್ದರು, ಶುಕ್ರವಾರದ ಬಿಗುಮಾನ ಹಾಗೇ ಇತ್ತು. "ಎಲ್ಲಿ, ಮೊದಲು ಆ ನಿಮ್ಮ ಮುನಿಯಮ್ಮಂದಿರನ್ನೇ ಹಾಕಿ ನೋಡೋಣ," ಅಂದರು. ಇಬ್ಬರನ್ನೂ ನಾನು ಮೊದಲೇ ಕರೆತಂದಿದ್ದೆ.

ಅಮ್ಮನದು ಸಲೀಸಾಗಿ ಆಯಿತು. ಮಷೀನು ಕೇಳದಿದ್ದರೂ ಸೀನ ಎಂದು ಬರೆಸಿ ಪಕ್ಕಕ್ಕೆ ಸರಿದಳು. ದೊಡ್ಡಮ್ಮ ಮುಂದೆ ಬಂದಳು. ಹೆಸರು, ಗಂಡ, ಊರು. ಮಷೀನು ನಿಂತಿತು. ಇದೇ ಹೆಸರಿನವರು ಇದ್ದಾರೆ ಎಂದು ತೋರಿಸಿ, ಕೆಳಗೆ ಪ್ರಶ್ನೆ ಮೂಡಿತು. ಮೇಡಂ ಅದನ್ನು ಓದಿ ಹೇಳಿದರು, "ನಿಮ್ಮವರು ಯಾರ್ರೀ ಅವ್ವಾ?"

ದೊಡ್ಡಮ್ಮ ಬಾಯಿಬಿಡದಿದ್ದರೆ ಪ್ರೋಗ್ರಾಂ ಮುಂದಕ್ಕೆ ಹೋಗದು. ಡಾಕ್ಟರು ಗಡಿಯಾರ ನೋಡಿಕೊಂಡರು. ಹಿಂದಿನಿಂದ ಯಾರೋ "ಬೇಗ ಏಳಮ್ಮಾ" ಅಂದರು. ಸೆಲ್ವಂ ಉಗುರು ಕಚ್ಚುತ್ತಿದ್ದ. ಅಮ್ಮ ಹಿಂದಿನ ದಿನ ಕೊಟ್ಟದ್ದನ್ನು ದೊಡ್ಡಮ್ಮ ತೆಗೆದುಕೊಂಡಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಮ್ಮ ಹಾಗೆ ಹೇಳಿದ ಮೇಲೆ ಅವಳು ಆ ವಿಷಯ ಎತ್ತಿರಲಿಲ್ಲ. ಈಗ ತಿರುಗಿ ಜನರ ನಡುವೆ ನನ್ನನ್ನು ಹುಡುಕಿದಳು, ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು.

"ಬಾಯಿಲೆ ಹೇಳ್ರಿ ಅವ್ವಾ," ಅಂದರು ಮೇಡಂ. "ಮಷೀನಿಗೆ ಕಣ್ಣಿಲ್ಲ."

"ಗೌರಿ ಅಂತ ಬರ್ಕೊ," ಅಂದಳು ದೊಡ್ಡಮ್ಮ. ಇಡೀ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು. "ನನ್ ಮಗ್ಳು."

ಮೇಡಂ ಬೆರಳುಗಳು ಕೀಲಿಗಳ ಮೇಲೆ ಇದ್ದವು, ಆದರೆ ಓಡಲಿಲ್ಲ. ತಿಂಗಳು ತಿಂಗಳು ನನ್ನ ಸಂಬಳದ ಲಕೋಟೆಯ ಮೇಲೆ ನನ್ನ ಹೆಸರು ಬರೆಯುತ್ತಿದ್ದವರು, ತೆರೆಯಿಂದ ನನ್ನ ಕಡೆ ಮುಖ ತಿರುಗಿಸಿ, "ಸ್ಪೆಲ್ಲಿಂಗ್ ಹೇಳವಾ," ಅಂದರು. ನಾನು ಒಂದೊಂದೇ ಅಕ್ಷರ ಹೇಳಿದೆ.